ಬಿದ್ದ ಹಲ್ಲು ನಾನೇನಾ?

ಎಳೆಯ ಮಕ್ಕಳಿಗೆ ತತ್ವಶಾಸ್ತ್ರ ಯಾಕೆ, ಮಗ್ಗಿ ಕಲಿಸಿದರೆ ಸಾಲದಾ ಅನ್ನುವವರಿಗೆ ಒಂದು ಮಾತು. ಮೊನ್ನೆ ಮಗಳು ಬಿದ್ದ ಹಲ್ಲನ್ನು ಅಂಗೈಲಿಟ್ಟುಕೊಂಡು "ಇದು ಈಗಲೂ ನಾನೇನಾ?" ಅಂದಳು. "ಕೂದಲು ಕತ್ತರಿಸಿದಾಗ ಕೇಳ್ಲಿಲ್ಲ, ಹಲ್ಲಿಗೆ ಮಾತ್ರ ಯಾಕೆ?" ಅಂತ ಅವಳ ತಮ್ಮ ವಾದಕ್ಕೇ ನಿಂತ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು (ಕಷ್ಟ ಇರೋದೇ ಅಲ್ಲಿ!). 1974ರಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕ ಮ್ಯಾಥ್ಯೂ ಲಿಪ್‌ಮನ್ ಅಮೆರಿಕದ ಮಾಂಟ್‌ಕ್ಲೇರ್‌ನಲ್ಲಿ ಸಂಸ್ಥೆ ಕಟ್ಟಿದ್ದು ಮಕ್ಕಳ ಇಂಥ ಮಾತುಕತೆಗೆಂದೇ. ಆದರೆ ಇದರಿಂದ ಅಂಕ ಏರುತ್ತೆ ಅನ್ನೋ ಪ್ರಚಾರ ನನಗೆ ಹಿಡಿಸಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ ಇಂಥ ಮಾತುಕತೆ ನಡೆಸಿ ನೋಡಿದ ಪ್ರಯೋಗದ 2015ರ ವರದಿ ಓದು, ಗಣಿತ ಎರಡರಲ್ಲೂ ಅಲ್ಪ ಲಾಭ ತೋರಿಸಿತ್ತು. 2021ರ ಇನ್ನೂ ದೊಡ್ಡ ಪ್ರಯೋಗದಲ್ಲಿ ಓದಿನ ಲಾಭ ಕಾಣಲೇ ಇಲ್ಲ. ಅಂಕಕ್ಕಾಗಿ ಮಾಡೋದಾದರೆ ಬಿಟ್ಟುಬಿಡಿ. ನಮ್ಮನೇಲಿ ಹಲ್ಲಿನ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.