ಟ್ಯಾಂಕರ್ ಬಂದಾಗ ನಾನು ರಬ್ಬರಿನೊಳಗಿದ್ದೆ

ಕುತ್ತಿಗೆ ಹಿಂದೆ ಇನ್ನೂ ಉರಿಯುತ್ತಿದೆ. ಆಗಿದ್ದು ಭಾನುವಾರ, ಇವತ್ತು ಮಂಗಳವಾರ. ಅಲ್ಲಿದ್ದ ಒಂದು ಚಿಟಿಕೆ ಕೂದಲು ಈಗ ವೈಟ್‌ಫೀಲ್ಡಿನ ಒಬ್ಬರ ವೆಟ್‌ಸೂಟಿನ, ಅಂದರೆ ನೀರಿಗಿಳಿಯುವಾಗ ಮೈಗೆ ಬಿಗಿಯಾಗಿ ಹಾಕಿಕೊಳ್ಳುವ ರಬ್ಬರ್ ಸೂಟಿನ, ಝಿಪ್ಪಿನಲ್ಲಿದೆ. ಕೇಳಿದರೆ ವಾಪಸ್ ಕೊಡುತ್ತಾರೇನೋ, ನನಗೇ ಮುಖವಿಲ್ಲ.

ಸಮುದ್ರ ನೋಡಬೇಕು ಅಂದರೆ ಒಂದು ರಾತ್ರಿ ಬಸ್ಸಿನಲ್ಲಿ ನಿದ್ದೆಗೆಡಬೇಕಾದ ಊರು ನಮ್ಮದು. ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿದ್ದೇವೆ. ಇಲ್ಲಿದ್ದುಕೊಂಡು ಸ್ಕೂಬಾ ಡೈವಿಂಗ್ ಹುಚ್ಚು ಯಾಕೆ ಬೇಕಿತ್ತು ಅಂತ ಕೇಳಬೇಡಿ, ಮನೆಯಲ್ಲಿ ದಿನಾ ಕೇಳುತ್ತಾರೆ. ಎರಡು ವರ್ಷದ ಹಿಂದೆ ಆಫೀಸಿನವರ ಜೊತೆ ಮುರ್ಡೇಶ್ವರಕ್ಕೆ ಹೋಗಿದ್ದೆ. ಅಲ್ಲಿಂದ ದೋಣಿಯಲ್ಲಿ ವಾಂತಿ ಮಾಡಿಕೊಂಡು ನೇತ್ರಾಣಿ ದ್ವೀಪ ಮುಟ್ಟಿದೆ. ನೀರಿಗೆ ಇಳಿದ ಮೇಲೆ ವಾಂತಿಯೂ ಇಲ್ಲ, ಆಫೀಸೂ ಇಲ್ಲ. ಒಂದು ಗಿಳಿಮೀನು ಬಂದು ನನ್ನನ್ನು ನೋಡಿತು, ಇಷ್ಟವಾಗಲಿಲ್ಲ ಅನ್ನಿಸುತ್ತೆ, ಹೋಯಿತು. ನನಗೆ ಮಾತ್ರ ಇಷ್ಟವಾಗಿಬಿಟ್ಟಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಐಸ್‌ಲ್ಯಾಂಡಿನಲ್ಲಿರುವ ಭಾಮೈದ ಫೋನ್ ಮಾಡಿ, "ಭಾವ, ಜೂನ್‌ಗೆ ಬನ್ನಿ, ಸಿಲ್ಫ್ರಾದಲ್ಲಿ ಡೈವ್ ಮಾಡೋಣ" ಅಂದ. ಸಿಲ್ಫ್ರಾ ಅಂದರೆ ಅಮೆರಿಕದ ಕಡೆಯ ಭೂಫಲಕಕ್ಕೂ ಯುರೋಪಿನ ಕಡೆಯ ಭೂಫಲಕಕ್ಕೂ ನಡುವಿನ ಬಿರುಕು. ಅದರ ತುಂಬಾ ಹಿಮ ಕರಗಿದ ನೀರು. ಕಲ್ಲಿನೊಳಗೆ ವರ್ಷಗಟ್ಟಲೆ ಸೋಸಿಕೊಂಡು ಬರುವುದರಿಂದ 100 ಮೀಟರ್ ದೂರದ್ದೂ ಕಾಣಿಸುತ್ತಂತೆ. ಚಳಿಗಾಲ ಬೇಸಿಗೆ ಅಂತಿಲ್ಲ, ವರ್ಷವಿಡೀ 2ರಿಂದ 4 ಡಿಗ್ರಿ. ನೇತ್ರಾಣಿಯಲ್ಲಿ ಸುಮಾರು 28.

ಇಲ್ಲಿ ನಮ್ಮ ಮನೆತನದ ಒಂದು ಕಾಯಿಲೆ ಹೇಳಬೇಕು. ಏನೇ ತಗೊಂಡರೂ "ಎರಡಕ್ಕೂ ಆಗೋ ಥರ ಒಂದೇ ಇರಲಿ". ಆರನೇ ಕ್ಲಾಸಿಗೆ ಹೊಲಿಸಿದ ಚಡ್ಡಿ ಎಂಟಕ್ಕೂ ಆಗಬೇಕು. ಹಾಲ್‌ನಲ್ಲಿ ಸೋಫಾ ಕಮ್ ಬೆಡ್ ಇದೆ, ಕೂತರೆ ಮಂಚದ ಹಾಗೆ, ಮಲಗಿದರೆ ಸೋಫಾದ ಹಾಗೆ. ಈ ರಕ್ತ ಮೈಯಲ್ಲಿ ಇಟ್ಟುಕೊಂಡು ನಾನು ಡೈವಿಂಗ್ ಸಾಮಾನಿನ ಅಂಗಡಿಗೆ ಹೋದೆ.

ಅಂಗಡಿಯ ಹುಡುಗ ಏನು ಕೇಳಿದರೂ "ಡಿಪೆಂಡ್ಸ್ ಸರ್" ಅಂತಿದ್ದ. ಬೆಲೆ ಒಂದು ಬಿಟ್ಟು. ಆದರೆ ಪಾಪ, ಸುಳ್ಳು ಹೇಳಲಿಲ್ಲ. ಮಾಸ್ಕ್ ಎರಡಕ್ಕೂ ಒಂದೇ ಸಾಕು. ಫಿನ್ಸ್, ಅಂದರೆ ಕಾಲಿಗೆ ಹಾಕುವ ಈಜುರೆಕ್ಕೆ, ಹಿಮ್ಮಡಿ ತೆರೆದಿರುವುದನ್ನು ತಗೊಂಡು ಒಳಗೆ ಬೂಟು ಹಾಕಿದರೆ ಎರಡೂ ಕಡೆ ನಡೆಯುತ್ತೆ. ಸಿಲಿಂಡರಿನ ಗಾಳಿಯನ್ನು ಉಸಿರಾಡುವ ಹದಕ್ಕೆ ಬಾಯಿಗೆ ಕೊಡುವ ರೆಗ್ಯುಲೇಟರ್ ವಿಷಯಕ್ಕೆ ಮಾತ್ರ ಜಿಪುಣತನ ಬೇಡ ಅಂದ. ಸಿಲಿಂಡರಿನಲ್ಲಿ ಭಾರೀ ಒತ್ತಡಕ್ಕೆ, 200 ಬಾರ್‌ಗೆ, ಒತ್ತಿ ತುಂಬಿದ ಗಾಳಿ ಹೊರಗೆ ಬರುವಾಗ ಹಿಗ್ಗಿ ತಣ್ಣಗಾಗುತ್ತದೆ. ನೀರೂ ತಣ್ಣಗಿದ್ದರೆ ರೆಗ್ಯುಲೇಟರಿನೊಳಗೆ ಐಸ್ ಕಟ್ಟಿ, ಮುಚ್ಚಲು ಬಾರದ ನಲ್ಲಿಯ ಹಾಗೆ ಗಾಳಿ ಸೋರಲು ಶುರು. ಅದಕ್ಕೇ ಒಳಗೆ ನೀರು ಹೋಗದಂತೆ ಸೀಲ್ ಮಾಡಿದ್ದು ಬರುತ್ತೆ. ಅದು ನೇತ್ರಾಣಿಗೂ ಆಗುತ್ತೆ. ಕೇಳಿ ನನ್ನ ಅಜ್ಜನ ಆತ್ಮಕ್ಕೂ ಶಾಂತಿ ಸಿಕ್ಕಿರಬೇಕು.

"ಸೂಟು?" ಅಂದೆ.

"ಡಿಪೆಂಡ್ಸ್ ಸರ್."

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆದುಕೊಳ್ಳುತ್ತದಂತೆ. ಹಾಗಾಗಿ 28 ಡಿಗ್ರಿಗೂ 3 ಮಿಲಿಮೀಟರ್ ದಪ್ಪದ ಸೂಟು ಬೇಕು. ಚಳಿ ನೀರಿಗೆ 7. ಎರಡಕ್ಕೂ ಒಂದೇ ಅನ್ನುವುದು ಇಲ್ಲ. ನನಗೆ ಇದು ಮಾರಾಟದ ಚಾಲಾಕಿ ಅನ್ನಿಸಿತು. ದಪ್ಪದ್ದು ತಗೊಂಡು ಸೆಕೆಯಾದರೆ ಝಿಪ್ ಸ್ವಲ್ಪ ಇಳಿಸಿದರಾಯಿತು, ಅಲ್ವಾ? ಸ್ವೆಟರ್ ಅಂದುಕೊಂಡಿದ್ದೆ.

ಹೊಸದರ ಬೆಲೆ ಕೇಳಿ ಸೆಕೆಂಡ್ ಹ್ಯಾಂಡ್ ಹುಡುಕಿದೆ. ವೈಟ್‌ಫೀಲ್ಡಿನಲ್ಲಿ ಒಬ್ಬರ ಹತ್ತಿರ 7 ಮಿಲಿಮೀಟರಿನದು ಸಿಕ್ಕಿತು. "ಹಾಕಿ ನೋಡಿ, ಬೇಡ ಅಂದ್ರೆ ಭಾನುವಾರ ಸಂಜೆಯೊಳಗೆ ವಾಪಸ್ ಕೊಡಿ" ಅಂದರು. ಒಳ್ಳೆಯ ಮನುಷ್ಯ.

ಭಾನುವಾರ ಹೆಂಡತಿ, ಮಗಳು ತುಮಕೂರಿಗೆ ಗೃಹಪ್ರವೇಶಕ್ಕೆ ಹೋಗಿದ್ದರು. ಏಪ್ರಿಲ್ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆ. ಫ್ಯಾನ್ ಐದರಲ್ಲಿಟ್ಟು ಶುರು ಮಾಡಿದೆ. ಕಾಲಿಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡರೆ ಸಲೀಸಾಗಿ ಜಾರುತ್ತದೆ ಅಂತ ಗೊತ್ತಿತ್ತು. ಕವರಿಗೇನು ಬರ, ಅಡುಗೆಮನೆ ಬಾಗಿಲ ಹಿಂದೆ ಒಂದು ಕವರಿನೊಳಗೆ ನಲವತ್ತು ಕವರ್ ಇದ್ದೇ ಇರುತ್ತವೆ. ಆದರೂ ಮಂಡಿ ದಾಟಲು ಹತ್ತು ನಿಮಿಷ, ಹೊಟ್ಟೆ ದಾಟಲು ಇಪ್ಪತ್ತು. ಝಿಪ್ ಬೆನ್ನ ಮೇಲೆ. ಎಳೆಯಲು ಲಂಗದ ಲಾಡಿಯಂಥ ಉದ್ದ ಪಟ್ಟಿ. ಉಸಿರು ಬಿಗಿಹಿಡಿದು ಎಳೆದೆ. ಮೇಲೆ ಹೋಯಿತು, ಕೊನೆಯಲ್ಲಿ ಕುತ್ತಿಗೆ ಹತ್ತಿರ ಚುರ್ ಅಂತು. ಇರಲಿ ಅಂತ ತಲೆಗೆ ರಬ್ಬರ್ ಟೋಪಿಯನ್ನೂ ಏರಿಸಿದೆ. ಕನ್ನಡಿಯಲ್ಲಿ ಹೊಟ್ಟೆ ಬಂದ ಒಂದು ಸೀಲ್ ಪ್ರಾಣಿ ನಿಂತಿತ್ತು.

ಎರಡನೇ ನಿಮಿಷಕ್ಕೆ ಬೆವರು ಕಾಲುಂಗುಷ್ಠಕ್ಕೆ ಇಳಿಯಿತು. ತೆಗೆಯೋಣ ಅಂತ ಪಟ್ಟಿ ಹಿಡಿದು ಕೆಳಗೆ ಎಳೆದೆ. ಪಟ್ಟಿ ಕೈಗೆ ಬಂತು. ಝಿಪ್ ಅಲ್ಲೇ ಉಳಿಯಿತು.

ಅದೇ ಹೊತ್ತಿಗೆ ಕೆಳಗೆ ಹಾರ್ನ್.

ನಮ್ಮದು ಎಂಟು ಮನೆಯ ಅಪಾರ್ಟ್‌ಮೆಂಟ್. ತಿಂಗಳಿಗೊಬ್ಬರು ನೀರಿನ ಇನ್‌ಚಾರ್ಜ್, ಏಪ್ರಿಲ್ ನನ್ನದು. ಯಾವಾಗಲೂ ಏಪ್ರಿಲ್ ನನಗೇ ಯಾಕೆ ಬರುತ್ತೆ ಅನ್ನುವುದು ಬೇರೆ ಕಥೆ. ಟ್ಯಾಂಕರಿನವನಿಗೆ ಐದು ನಿಮಿಷದಲ್ಲಿ ಸಂಪಿನ ಮುಚ್ಚಳ ತೆಗೆದುಕೊಡದಿದ್ದರೆ ಮುಂದಿನ ರೋಡಿನವರಿಗೆ ಕೊಟ್ಟು ಹೋಗಿಬಿಡುತ್ತಾನೆ. ಎಂಟು ಮನೆಯ ಶಾಪಕ್ಕಿಂತ ಮರ್ಯಾದೆ ದೊಡ್ಡದಲ್ಲ. ಟೋಪಿ ತೆಗೆಯುವುದೂ ತೋಚದೆ ಹಾಗೇ ಇಳಿದೆ.

ಡ್ರೈವರ್ ನನ್ನನ್ನು ತಲೆಯಿಂದ ಪಾದದವರೆಗೆ ನೋಡಿದ. "ಏನ್ ಗುರು, ಸಂಪ್ ಕ್ಲೀನಿಂಗಾ? ಮೊದಲು ಹೇಳೋದಲ್ವಾ, ಆಮೇಲೆ ಬರ್ತಿದ್ದೆ."

ಅಲ್ಲ ಅನ್ನುವಷ್ಟರಲ್ಲಿ ಎರಡನೇ ಮಹಡಿಯ ಅಂಕಲ್ ಬಾಲ್ಕನಿಯಿಂದ ಬಗ್ಗಿದರು. "ಏನಪ್ಪಾ, ಓವರ್‌ಹೆಡ್ ಟ್ಯಾಂಕ್ ಕೂಡ ಮಾಡ್ತೀಯಾ? ಎಷ್ಟು ತಗೋತೀಯಾ?"

"ಅಂಕಲ್, ನಾನು! ಇನ್ನೂರ ಮೂರು!" ಅಂತ ಕೂಗಿದೆ.

"ಇನ್ನೂರ ಮೂರು ರೂಪಾಯಿನಾ? ಪರವಾಗಿಲ್ಲ, ಕಮ್ಮಿನೇ ಆಯ್ತು."

"ಅಲ್ಲ ಅಂಕಲ್, ಮನೆ! ಮನೆ ನಂಬರ್!"

"ಓ, ಅವರು ಕರೆಸಿದ್ದಾ?" ಅಂಕಲ್ ದನಿ ತಗ್ಗಿಸಿದರು. ಅಂದರೆ ಇಡೀ ರೋಡಿಗೆ ಬದಲು ಅರ್ಧ ರೋಡಿಗೆ ಕೇಳಿಸಿತು. "ಹುಷಾರಪ್ಪಾ. ದುಡ್ಡು ಮೊದಲೇ ಇಸ್ಕೋ. ಮೇಂಟೆನೆನ್ಸೇ ಟೈಮಿಗೆ ಕೊಡಲ್ಲ ಅವರು."

ನನಗೆ ಬೆವರು ಜಾಸ್ತಿಯಾಯಿತೋ ಸಿಟ್ಟು ಜಾಸ್ತಿಯಾಯಿತೋ ಗೊತ್ತಿಲ್ಲ. ಒಂದೇ ಒಂದು ಸಲ, ಫೆಬ್ರವರಿಯಲ್ಲಿ, ನಾಲ್ಕು ದಿನ ತಡವಾಗಿತ್ತು. ಅದನ್ನು ಹಿಡಿದುಕೊಂಡು ಕೂತಿದ್ದಾರೆ ಮಹಾನುಭಾವರು. ಉತ್ತರ ಕೊಡಬೇಕು ಅಂತ ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು? ಸಂಪ್ ತೊಳೆಯುವವನಾಗಿ ಇನ್ನೂರ ಮೂರರ ಪರ ವಕಾಲತ್ತು ಮಾಡಲೇ? ಸುಮ್ನೆ ತಲೆಯಾಡಿಸಿದೆ. "ಒಳ್ಳೆ ಹುಡುಗ" ಅಂತ ಅಂಕಲ್ ಒಳಗೆ ಹೋದರು.

ಕೊನೆಗೆ ಡ್ರೈವರಿಗೆ ನಿಜ ಹೇಳಿದೆ. ಅವನು ನಗಲಿಲ್ಲ, ಅದೇ ದೊಡ್ಡ ಉಪಕಾರ. ಕ್ಯಾಬಿನ್ನಿನಿಂದ ಕಟಿಂಗ್ ಪ್ಲೇಯರ್ ತಂದು ಝಿಪ್ ಹಿಡಿದು ಎಳೆದ. ಝಿಪ್ ಬಂತು, ಕೂದಲು ಅದರ ಜೊತೆಗೇ ಹೋಯಿತು. ಸೂಟು ಮಾತ್ರ ಬೆವರಿಗೆ ಮೈಗೆ ಮೆತ್ತಿಕೊಂಡಿತ್ತು. "ನೀರು ಬಿದ್ರೆ ಬಿಡುತ್ತಣ್ಣ" ಅಂತ ಪೈಪಿನಲ್ಲಿ ಉಳಿದ ನೀರನ್ನು ಬೆನ್ನಿನೊಳಗೆ ಬಿಟ್ಟ.

ಮೊದಲು ಕೊರೆಯಿತು. ಅರ್ಧ ನಿಮಿಷಕ್ಕೆ ಬೆಚ್ಚಗಾಯಿತು. ವೆಟ್‌ಸೂಟಿನ ಗುಟ್ಟೇ ಅದು. ಚರ್ಮಕ್ಕೂ ರಬ್ಬರಿಗೂ ನಡುವೆ ತೆಳ್ಳಗೆ ನೀರು ನಿಲ್ಲುತ್ತೆ, ಮೈಯೇ ಅದನ್ನು ಬಿಸಿ ಮಾಡಿಕೊಳ್ಳುತ್ತೆ. ಓದಿದ್ದೆ, ಗೊತ್ತಾಗಿದ್ದು ಸಂಪಿನ ಪಕ್ಕದಲ್ಲಿ. ಆ ಅರ್ಧ ನಿಮಿಷ ಊರಿನ ಬಾವಿ ನೆನಪಾಯಿತು. ಚಿಕ್ಕಪ್ಪ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಮೆಟ್ಟಿಲಿಂದ ತಳ್ಳುತ್ತಿದ್ದರು. ಧನುರ್ಮಾಸದ ಬೆಳಗಿನಲ್ಲಿ ಬಾವಿ ನೀರು ಬೆಚ್ಚಗೆ ಹಬೆಯಾಡುತ್ತಿತ್ತು, ಬೇಸಿಗೆಯಲ್ಲಿ ತಣ್ಣಗಿರುತ್ತಿತ್ತು. ಎರಡಕ್ಕೂ ಅದೇ ಬುರುಡೆ. ಈಗ ಆ ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಕೆಳಗೆ ನೀರೂ ಇಲ್ಲ, ಪ್ಲಾಸ್ಟಿಕ್ ಬಾಟಲಿಗಳಿವೆ.

"ಅಣ್ಣ, ದುಡ್ಡು" ಅಂದ ಡ್ರೈವರ್.

ಸಂಜೆ ಸೂಟಿಗೆ ಪಟ್ಟಿಯ ಬದಲು ಶೂ ಲೇಸ್ ಕಟ್ಟಿ, "ಅಳತೆ ಸರಿಹೋಗಲಿಲ್ಲ" ಅಂತ ವಾಪಸ್ ಕೊಟ್ಟೆ. ಅವರು ಲೇಸನ್ನು ನೋಡಿದರು, ನನ್ನನ್ನು ನೋಡಿದರು, ಐನೂರು ರೂಪಾಯಿ ಹಿಡಿದುಕೊಂಡರು. ರಾತ್ರಿ ಭಾಮೈದನಿಗೆ ಎಲ್ಲ ಹೇಳಿದೆ. "ಅಯ್ಯೋ ಭಾವ, ಸಿಲ್ಫ್ರಾದಲ್ಲಿ ಡೈವ್ ಮಾಡೋಕೆ ವೆಟ್‌ಸೂಟ್ ಬಿಡೋದೇ ಇಲ್ಲ. ಡ್ರೈಸೂಟೇ ಬೇಕು, ಮೈಗೆ ನೀರೇ ತಾಗಲ್ಲ. ಅದನ್ನ ಇಲ್ಲೇ ಕೊಡ್ತಾರೆ. ಆದ್ರೆ ನೀವು ಅದಕ್ಕೆ ಬೇರೆ ಟ್ರೈನಿಂಗ್ ಮಾಡ್ಕೊಂಡಿರ್ಬೇಕು. ಹೇಳಿರ್ಲಿಲ್ವಾ?" ಹೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಅಂಕಲ್ ಒಂದು ಫೋಟೋ ಹಾಕಿದ್ದಾರೆ. ಬಾಲ್ಕನಿಯಿಂದ ತೆಗೆದದ್ದು, ಬೆನ್ನು ಮಾತ್ರ ಕಾಣುತ್ತೆ. "ಈ ಹುಡುಗನ ನಂಬರ್ ಯಾರ ಹತ್ರ ಇದೆ? ಪೂರ್ತಿ ಡ್ರೆಸ್ ಹಾಕ್ಕೊಂಡು ನೀಟಾಗಿ ಕೆಲಸ ಮಾಡ್ತಾನೆ. ರೇಟೂ ಕಮ್ಮಿ." ಕೆಳಗೆ ಮೂರು ಜನ ತಮಗೂ ಬೇಕು ಅಂದಿದ್ದಾರೆ. ಮೊದಲನೆಯವಳು ನನ್ನ ಹೆಂಡತಿ.