ಕಳ್ಳಿಗೆ ಕಮಲದ ಪಟ್ಟಾಭಿಷೇಕ

ಕಳೆದ ಭಾನುವಾರ ನಮ್ಮ ಬಡಾವಣೆಯ ಹಣ್ಣಿನಂಗಡಿಯ ಮುಂದೆ ನಿಂತು, ಸರ್ಕಾರಿ ಕಡತಗಳ ಭಾಷೆಗೆ ಒಬ್ಬ ನಾಗರಿಕನಾದರೂ ಗೌರವ ಕೊಡಲಿ ಎಂಬ ಸದುದ್ದೇಶದಿಂದ, ‘ಕಮಲಂ ಕೆ.ಜಿ. ಹೇಗಪ್ಪಾ?’ ಎಂದು ಕೇಳಿದೆ. ಅಂಗಡಿಯ ಹುಡುಗ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಹೂವು ಆ ಕಡೆ ಸಾರ್, ಅಜ್ಜಿ ಹತ್ರ ಕೇಳಿ’ ಎಂದು ರಸ್ತೆಯಾಚೆ ಕೈ ತೋರಿಸಿದ. ಅವನ ಮೊಣಕೈಯ ಬಳಿಯಲ್ಲೇ ಗುಲಾಬಿ ಸಿಪ್ಪೆಯ ಹಣ್ಣುಗಳು ರಾಶಿ ಬಿದ್ದಿದ್ದವು. ರಟ್ಟಿನ ಚೂರೊಂದರ ಮೇಲೆ ‘ಡ್ರ್ಯಾಗನ್’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು.

2021ರ ಜನವರಿಯಲ್ಲಿ ಗುಜರಾತ್ ಸರ್ಕಾರವು ಈ ಹಣ್ಣಿಗೆ ಮರುನಾಮಕರಣ ಮಾಡಿದ ಸಂಭ್ರಮವನ್ನು ಓದುಗರು ಮರೆತಿರಲಾರರು. ಡ್ರ್ಯಾಗನ್ ಎಂದರೆ ಚೀನಾದ ನೆನಪಾಗುತ್ತದೆ, ಹಣ್ಣಿನ ಹೊರರೂಪ ಕಮಲದಂತಿದೆ, ಆದ್ದರಿಂದ ಕಮಲಂ ಎಂಬುದು ಆಗ ಕೊಟ್ಟ ಕಾರಣ. ಆಳುವ ಪಕ್ಷದ ಚಿಹ್ನೆ ಕಮಲವಾಗಿರುವುದೂ ಗಾಂಧಿನಗರದಲ್ಲಿರುವ ಆ ಪಕ್ಷದ ರಾಜ್ಯ ಕಚೇರಿಯ ಹೆಸರು ‘ಶ್ರೀ ಕಮಲಂ’ ಆಗಿರುವುದೂ ಕಾಕತಾಳೀಯವೆಂದೇ ನಾನು ನಂಬಿದ್ದೇನೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸಂಬಂಧ ಹುಡುಕುವುದು ಸಣ್ಣ ಮನಸ್ಸಿನವರ ಕೆಲಸ. ಈ ಹೆಸರಿಗೆ ಪೇಟೆಂಟ್ ಕೋರಿ ಅರ್ಜಿ ಹಾಕಿರುವುದಾಗಿಯೂ ಆಗ ಹೇಳಲಾಗಿತ್ತು. ಪೇಟೆಂಟ್ ಸಿಗುವುದು ಹೊಸ ಆವಿಷ್ಕಾರಕ್ಕೆ ಎಂದು ಶಾಲೆಯಲ್ಲಿ ಕಲಿತಿದ್ದ ನಮಗೆ, ಇದ್ದ ಹಣ್ಣಿಗೆ ಇದ್ದ ಹೂವಿನ ಹೆಸರಿಡುವುದೂ ಆವಿಷ್ಕಾರವೇ ಎಂಬುದು ಹೊಳೆದಿರಲಿಲ್ಲ.

ಈ ಪೆಟ್ಟಿನಿಂದ ಚೀನಾಕ್ಕೆ ಎಷ್ಟು ನೋವಾಯಿತೋ ತಿಳಿಯದು. ಹಣ್ಣಿಗಂತೂ ಆಗಿರಲಾರದು, ಏಕೆಂದರೆ ಅದು ಚೀನಾದ್ದಲ್ಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರಕ್ಕೆ ಹಬ್ಬಿ ಬೆಳೆಯುವ ಒಂದು ಜಾತಿಯ ಕಳ್ಳಿ ಅದು. ಫ್ರೆಂಚರ ಕಾಲದಲ್ಲಿ ವಿಯೆಟ್ನಾಮಿಗೆ ಬಂದು, ಅಲ್ಲಿನವರ ಬಾಯಲ್ಲಿ ‘ಹಸಿರು ಡ್ರ್ಯಾಗನ್’ ಎಂಬರ್ಥದ ‘ಥಾನ್ ಲಾಂಗ್’ ಆಯಿತು. ಹುಟ್ಟೂರಿನಲ್ಲಿ ಅದರ ಹೆಸರು ‘ಪಿತಾಯ’. ನಾಮಕರಣದ ಹಟವೇ ಇದ್ದಿದ್ದರೆ ಆ ಮೂಲ ಹೆಸರಿನ ತುದಿಗೆ ಒಂದು ‘ಫಲ’ ಸೇರಿಸಿದ್ದರೆ ಸಾಕಿತ್ತು; ಸೀತಾಫಲ, ರಾಮಫಲ, ಲಕ್ಷ್ಮಣಫಲಗಳ ಸಾಲಿನಲ್ಲಿ ‘ಪಿತಾಫಲ’ವೂ ಕೂತು, ಇಷ್ಟು ದಿನ ಹಣ್ಣಿಲ್ಲದೆ ಇದ್ದ ದಶರಥನಿಗೂ ಒಂದು ದಕ್ಕುತ್ತಿತ್ತು. ಅಂದಹಾಗೆ, ಸೀತೆಯ ಹಣ್ಣೂ ರಾಮನ ಹಣ್ಣೂ ಅಮೆರಿಕ ಖಂಡದಿಂದಲೇ ಬಂದವು. ಅವುಗಳಿಗೆ ಆ ಹೆಸರಿಟ್ಟವರು ಯಾರೋ, ಪತ್ರಿಕಾಗೋಷ್ಠಿ ಕರೆಯದೆ ಇಟ್ಟರು. ಪರಂಗಿ ಹಣ್ಣು ತಾನು ಪರಂಗಿಯವನೆಂದು ಹೆಸರಿನಲ್ಲೇ ಸಾರಿಕೊಂಡು ಹಿತ್ತಿಲು ಹಿತ್ತಿಲಿನಲ್ಲಿ ನಿಂತಿದ್ದರೂ, ಈವರೆಗೆ ಯಾರೂ ಅದರ ಪೌರತ್ವದ ದಾಖಲೆ ಕೇಳಿಲ್ಲ.

ನಿಜ ಹೇಳಬೇಕೆಂದರೆ, ಕಳ್ಳಿಯನ್ನು ಕಮಲವೆಂದು ಕರೆಯುವ ವಿದ್ಯೆಯಲ್ಲಿ ಗುಜರಾತಿನವರಿಗಿಂತ ನಾವು ಬಹಳ ಮುಂದಿದ್ದೇವೆ. ನಮ್ಮ ಮನೆಗಳ ಕುಂಡಗಳಲ್ಲಿ ವರ್ಷಕ್ಕೊಮ್ಮೆಯೋ ಎರಡು ಸಲವೋ ನಡುರಾತ್ರಿ ಅರಳಿ, ಬೆಳಗಾಗುವಷ್ಟರಲ್ಲಿ ಜೋತುಬೀಳುವ ‘ಬ್ರಹ್ಮಕಮಲ’ವನ್ನು ನೆನೆಯಿರಿ. ನಿಜವಾದ ಬ್ರಹ್ಮಕಮಲ ಹಿಮಾಲಯದ ಎತ್ತರದಲ್ಲಿ ಬೆಳೆಯುವ, ಉತ್ತರಾಖಂಡದ ರಾಜ್ಯಪುಷ್ಪವಾದ ಬೇರೆಯೇ ಗಿಡ. ನಮ್ಮ ಕುಂಡದಲ್ಲಿರುವುದು ಮೆಕ್ಸಿಕೊ ಕಡೆಯ ಕಳ್ಳಿ, ಡ್ರ್ಯಾಗನ್ ಹಣ್ಣಿನ ಹತ್ತಿರದ ದಾಯಾದಿ. ಆದರೂ ಅದು ಅರಳುವ ರಾತ್ರಿ ನಮ್ಮ ಬೀದಿಯ ಹೆಂಗಸರು ಸೀರೆ ಉಟ್ಟು ಬರುತ್ತಾರೆ, ಆರತಿ ಎತ್ತುತ್ತಾರೆ, ಹೂವಿನೊಳಗೆ ಶೇಷಶಾಯಿಯನ್ನು ಕಾಣುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆದು ಮರುದಿನದ ಸ್ಥಳೀಯ ಪುಟಕ್ಕೆ ಕಳಿಸುತ್ತಾರೆ. ನನ್ನ ಅಜ್ಜಿಯೂ ಕಳಿಸದಿದ್ದರೂ ಕೈಮುಗಿದವಳೇ. ಈ ತಪ್ಪಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ಏಕೆಂದರೆ ಇದರಿಂದ ಯಾರ ಹೆಸರಿನಲ್ಲೂ ಪ್ರಚಾರ ಫಲಕ ಏಳಲಿಲ್ಲ. ಒಂದು ಎಲೆಯನ್ನು ಮುರಿದು ಪಕ್ಕದ ಮನೆಯವರಿಗೆ ಕೊಟ್ಟರೆ ಅಲ್ಲಿಯೂ ಒಂದು ಕಮಲವಾಯಿತು, ಅಷ್ಟೇ. ಡ್ರ್ಯಾಗನ್ ಗಿಡವೂ ಹಾಗೆಯೇ: ಒಂದು ತೋಟದಲ್ಲಿ ಕತ್ತರಿಸಿದ ತುಂಡು ಇನ್ನೊಂದು ತೋಟದಲ್ಲಿ ಊರಿದರೆ ಏನೂ ಆಗದಂತೆ ಬೇರು ಬಿಡುತ್ತದೆ. ‘ಆಪರೇಷನ್ ಕಮಲ’ ಎಂಬ ಶಬ್ದವನ್ನು ದೇಶಕ್ಕೆ ಕೊಟ್ಟ ರಾಜ್ಯದವರಿಗೆ ಈ ಸಸ್ಯಶಾಸ್ತ್ರವನ್ನು ವಿವರಿಸಬೇಕಾಗಿಲ್ಲ.

ನನಗಿರುವ ಒಂದೇ ಆತಂಕ ಚುನಾವಣೆಯದು. 2012ರಲ್ಲಿ ಉತ್ತರ ಪ್ರದೇಶದ ವಿಧಾನಸಭಾ ಚುನಾವಣೆಯ ಹೊತ್ತಿಗೆ, ಒಂದು ಪಕ್ಷದ ಚಿಹ್ನೆ ಆನೆಯೆಂಬ ಕಾರಣಕ್ಕೆ ಉದ್ಯಾನಗಳಲ್ಲಿದ್ದ ಕಲ್ಲಾನೆಗಳಿಗೆಲ್ಲ ಆಯೋಗ ಮುಸುಕು ಹಾಕಿಸಿತ್ತು. ನೀತಿಸಂಹಿತೆ ಜಾರಿಯಾದ ದಿನ ನಮ್ಮ ಅಂಗಡಿಯ ಹುಡುಗ ಹಣ್ಣಿನ ರಾಶಿಗೆ ಗೋಣಿಚೀಲ ಹೊದಿಸಬೇಕೋ, ಅಥವಾ ಆ ಒಂದು ತಿಂಗಳ ಮಟ್ಟಿಗೆ ಅದು ಮತ್ತೆ ಡ್ರ್ಯಾಗನ್ ಆಗಿ ಚೀನಾಕ್ಕೆ ಸೇರುವುದೋ ಎಂಬುದನ್ನು ಬಲ್ಲವರು ತಿಳಿಸಬೇಕು.

ಹೆಸರು ಗುಜರಾತಿನ ಗಡಿಯೊಳಗೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2023ರಲ್ಲಿ ಕೇಂದ್ರ ಕೃಷಿ ಸಚಿವಾಲಯವು, ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರದಲ್ಲಿ ಕಮಲಂ ಉತ್ಕೃಷ್ಟತಾ ಕೇಂದ್ರ ತೆರೆಯಲು ಒಪ್ಪಿಗೆ ಕೊಟ್ಟಿತು. ಕೇಂದ್ರ ಬೇಕಾದದ್ದೇ, ಅಲ್ಲಿನ ವಿಜ್ಞಾನಿಗಳು ಕೆಲಸ ಬಲ್ಲವರು. ಆದರೆ ಕಡತದಲ್ಲಿ ಕಮಲಂ ಎಂದು ಬರೆದ ಕೂಡಲೇ, ಅರ್ಥವಾಗಲೆಂದು ಪಕ್ಕದಲ್ಲಿ ಆವರಣ ಚಿಹ್ನೆ ತೆರೆದು ಡ್ರ್ಯಾಗನ್ ಫ್ರೂಟ್ ಎಂದು ಬರೆಯಬೇಕಾಗುತ್ತದೆ. ಓಡಿಸಬೇಕೆಂದಿದ್ದ ಡ್ರ್ಯಾಗನ್ ಈಗ ಸರ್ಕಾರಿ ಆವರಣದೊಳಗೇ ಕಾಯಂ ವಾಸ ಮಾಡುತ್ತಿದೆ. ಇದೇ ಹಿರೇಹಳ್ಳಿ ಕೇಂದ್ರವು ಗುಬ್ಬಿ ತಾಲ್ಲೂಕಿನ ರೈತರೊಬ್ಬರ ಹೊಲದ ಕೆಂಪು ತೊಳೆಯ ಹಲಸನ್ನು ಗುರುತಿಸಿದಾಗ, ಆ ಮರ ಬೆಳೆಸಿದ ಅವರ ತಂದೆಯ ಹೆಸರಿನಲ್ಲಿ ಅದನ್ನು ‘ಸಿದ್ದು ಹಲಸು’ ಎಂದು ಕರೆದು, ಸಸಿಗಳಿಂದ ಬರುವ ಹಣದಲ್ಲಿ ರೈತರಿಗೂ ಪಾಲು ಸಿಗುವಂತೆ ಒಪ್ಪಂದ ಮಾಡಿಕೊಂಡಿತ್ತು. ಅದೂ ನಾಮಕರಣವೇ.

ನಮ್ಮ ಭಾವನ ತೋಟ ಹಿರಿಯೂರಿನ ಕಡೆ ಇದೆ. ದಾಳಿಂಬೆಗೆ ಅಂಗಮಾರಿ ರೋಗ ಬಂದು ಗಿಡ ಕಿತ್ತ ಮೇಲೆ, ‘ಎಕರೆಗೆ ಹತ್ತು ಲಕ್ಷ ಆದಾಯ’ ಎಂಬ ವಿಡಿಯೊಗಳನ್ನು ರಾತ್ರಿಯೆಲ್ಲ ನೋಡಿ ಡ್ರ್ಯಾಗನ್ ಹಾಕಿದರು. ಆ ವಿಡಿಯೊಗಳಲ್ಲಿ ಮಾತಾಡಿದವರೆಲ್ಲ ಸಸಿ ಮಾರುವವರೆಂಬುದು ಅವರಿಗೆ ಆಮೇಲೆ ತಿಳಿಯಿತು. ಒಂದು ಎಕರೆಗೆ ಸುಮಾರು 500 ಕಂಬ, ಕಂಬಕ್ಕೆ ನಾಲ್ಕು ಸಸಿ, ಮೇಲೆ ಹಳೆಯ ಟೈರು, ಕೆಳಗೆ ಹನಿ ನೀರಾವರಿಯ ಪೈಪು. ಮೊದಲ ಹಣ್ಣು ಕಾಣುವ ಮುಂಚೆಯೇ ಆರು ಲಕ್ಷ ಮುಗಿದಿತ್ತು. ಏಪ್ರಿಲ್ ಬಿಸಿಲಿಗೆ ಕಾಂಡ ಹಳದಿಯಾಗಿ ಬೇಯುತ್ತದೆ, ಮಳೆ ಹಿಡಿದರೆ ಕೊಳೆಯುತ್ತದೆ. ಹೂವು ಒಂದೇ ರಾತ್ರಿಯದು. ಅದರ ತವರಿನಲ್ಲಿ ಬಾವಲಿ, ಪತಂಗಗಳು ಮಾಡುವ ಪರಾಗಸ್ಪರ್ಶದ ಕೆಲಸವನ್ನು ಇಲ್ಲಿ ನಮ್ಮ ಭಾವ ತಲೆಗೆ ಟಾರ್ಚ್ ಕಟ್ಟಿಕೊಂಡು, ಬಣ್ಣ ಬಳಿಯುವ ಕುಂಚ ಹಿಡಿದು, ಹಾವಿಗೆ ಹೆದರಿಕೊಂಡು ರಾತ್ರಿ ಹನ್ನೊಂದರಿಂದ ಮಾಡುತ್ತಾರೆ. ಅದಾಗಿ ಒಂದು ತಿಂಗಳಿಗೆ ಹಣ್ಣು. ಅದರ ರುಚಿಯ ಬಗ್ಗೆ ಭಾವನ ಎದುರಿನಲ್ಲಿ ನಾನು ಮಾತಾಡುವುದಿಲ್ಲ. ಸೌತೆಕಾಯಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿ ತಿಂದವರಿಗೆ ವಿವರಣೆ ಬೇಕಿಲ್ಲ.

ಮೊದಲ ಫಸಲಿಗೆ ಕೆ.ಜಿ.ಗೆ ಇನ್ನೂರು ರೂಪಾಯಿ ಸಿಕ್ಕಿದ್ದು ನಿಜ. ಆಮೇಲೆ ಸುತ್ತಮುತ್ತಲಿನವರೂ ಅದೇ ವಿಡಿಯೊಗಳನ್ನು ನೋಡಿದರು. ಕಳೆದ ಸಲ ಒಂದೇ ವಾರದಲ್ಲಿ ಎಲ್ಲರ ಹಣ್ಣೂ ಕೆಂಪಾಗಿ ಮಂಡಿಗೆ ಬಂದಾಗ ಸಿಕ್ಕಿದ್ದು ಅರವತ್ತು. ಅದರಲ್ಲಿ ಕಮಿಷನ್, ಹಮಾಲಿ, ಲಾರಿ ಬಾಡಿಗೆ ಕಳೆಯಬೇಕು. ಹತ್ತಿರದಲ್ಲಿ ಹಣ್ಣನ್ನು ಹದಿನೈದು ದಿನ ಇಡಲು ಒಂದು ಶೈತ್ಯಾಗಾರವಿಲ್ಲ. ಬೆಲೆ ಬಿದ್ದರೆ ಕೇಳುವವರಿಲ್ಲ. ಇಷ್ಟರ ನಡುವೆ ಆತನಿಗೆ ಸರ್ಕಾರದಿಂದ ತಪ್ಪದೆ, ಪುಕ್ಕಟೆಯಾಗಿ, ಅರ್ಜಿಯನ್ನೂ ಹಾಕದೆ ಸಿಕ್ಕಿದ್ದು ಒಂದು ಹೆಸರು. ನನಗೆ ಇದನ್ನು ತಮಾಷೆಯಾಗಿ ಬರೆಯುವುದು ಈಗ ಕಷ್ಟವಾಗುತ್ತಿದೆ. ಆರು ಲಕ್ಷ ಸಾಲದ ಮೇಲೆ ನಿಂತ ಮನುಷ್ಯನ ಬೆಳೆಯಲ್ಲಿ ತಮ್ಮ ಚಿಹ್ನೆಯನ್ನು ಹುಡುಕಿಕೊಳ್ಳುವುದಕ್ಕೆ ಸ್ವಲ್ಪ ನಾಚಿಕೆಯಾದರೂ ಬೇಡವೇ?

ಅಂಗಡಿಯಿಂದ ಬಂದವನು ಭಾವನಿಗೆ ಫೋನ್ ಮಾಡಿ, ನಿಮ್ಮ ಹಣ್ಣನ್ನು ಈಗ ನೀವು ಯಾವ ಹೆಸರಿನಿಂದ ಕರೆಯುತ್ತೀರಿ ಎಂದು ಕೇಳಿದೆ. ಆ ಕಡೆ ಪಂಪ್‌ಸೆಟ್ಟಿನ ಸದ್ದಿತ್ತು. ‘ಏನಾದ್ರೂ ಇಟ್ಕೊಳ್ಳಲಿ ಮಾರಾಯ, ನಿನಗೆ ಯಾರಾದ್ರೂ ಗೊತ್ತಿದ್ರೆ ಆ ಮಂಡಿಯವನಿಗೆ ಹೇಳಿಸು. ಹೋದ ಸಲದ ನಲವತ್ತು ಕ್ರೇಟು ಇನ್ನೂ ವಾಪಸ್ ಕೊಟ್ಟಿಲ್ಲ’ ಎಂದರು.