ಮಿನಿಯಾಪೊಲಿಸ್‌ನಲ್ಲಿ ಹೂಗಿಡ ಕೊಳ್ಳುವ ಮುಂಚೆ

ಊರಲ್ಲಿ ಹೂಗಿಡ ಆರಿಸುವಾಗ ಪರಿಮಳ ನೋಡುತ್ತೇವೆ. ಪೂಜೆಗೆ ಆಗುತ್ತಾ, ಮುಡಿಯೋಕೆ ಆಗುತ್ತಾ ಅಂತ ಯೋಚಿಸುತ್ತೇವೆ. ಅಮೆರಿಕದ ಉತ್ತರ ಭಾಗದ ಮಿನಿಯಾಪೊಲಿಸ್‌ನಲ್ಲಿ ಮೊದಲು ಕೇಳಬೇಕಾದದ್ದು ಗಿಡ ಉಳಿಯುತ್ತಾ ಅಂತ. 2019ರ ಜನವರಿ ಕೊನೆಯಲ್ಲಿ ಇಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್ ಆಗಿತ್ತು. ಬೇಸಿಗೆಯಲ್ಲಿ 35 ಮುಟ್ಟುವುದೂ ಉಂಟು.

ಆದರೂ ನಮ್ಮವರು ಅನೇಕರು ಪ್ರತಿ ಮೇ ತಿಂಗಳು ಪೆಟೂನಿಯಾ ತಂದು ನೆಡುತ್ತಾರೆ. ಚಳಿಗಾಲ ಬಂದರೆ ಎಲ್ಲಾ ಮುಗೀತು. ಬೇರಿನಿಂದ ಮತ್ತೆ ಚಿಗುರುವ ಪೆರೆನಿಯಲ್ ಗಿಡಗಳಿರುವಾಗ ಸುಮ್ನೆ ವರ್ಷಾ ವರ್ಷಾ ದುಡ್ಡು ಹಾಕೋದು ಯಾಕೆ?

ಗಿಡದ ಚೀಟಿಯಲ್ಲಿ ಅದು ಎಷ್ಟು ಚಳಿ ತಡೆಯುತ್ತದೆ ಅಂತ ಹೇಳುವ ಝೋನ್ ನಂಬರ್ ಇರುತ್ತದೆ, ನಂಬರ್ ಚಿಕ್ಕದಾದಷ್ಟೂ ಚಳಿ ಜಾಸ್ತಿ. ಅಮೆರಿಕದ ಕೃಷಿ ಇಲಾಖೆಯ 2023ರ ಝೋನ್ ನಕ್ಷೆಯಲ್ಲಿ ಮಿನಿಯಾಪೊಲಿಸ್ ಝೋನ್ 5ಕ್ಕೆ ಬಂದಿದೆ. ಅಷ್ಟು ನಂಬಿದರೆ ಸಾಲದು. ಊರಿನ ಆ ನಂಬರ್ 30 ವರ್ಷಗಳಲ್ಲಿ ಪ್ರತಿ ವರ್ಷದ ಅತಿ ಚಳಿಯ ರಾತ್ರಿಯ ಸರಾಸರಿ ನೋಡಿ ಕೊಟ್ಟದ್ದು. 2019ರಂಥ ಚಳಿ ಬಂದರೆ ಝೋನ್ 5ರ ಗಿಡ ಸಾಯಬಹುದು. ನಾನಂತೂ 4 ಅಥವಾ 3 ಅಂತ ಇದ್ದರೆ ಮಾತ್ರ ಕೊಳ್ಳುತ್ತೇನೆ. ಇನ್ನೊಂದು ವಿಷಯ, ಝೋನ್ ನಂಬರ್ ಬೇಸಿಗೆಯ ಬಗ್ಗೆ ಏನೂ ಹೇಳಲ್ಲ. ಡೆಲ್ಫಿನಿಯಂ ಚಳಿ ತಡೆಯುತ್ತದೆ, ಆದರೆ ಜುಲೈನ ಸೆಕೆಗೆ ಸೊರಗುತ್ತದೆ.

ಎರಡನ್ನೂ ತಾಳುವುದು ಇಲ್ಲಿನ ಹುಲ್ಲುಗಾವಲಿನ ಗಿಡಗಳು. ಬ್ಲೇಜಿಂಗ್ ಸ್ಟಾರ್, ಬಟರ್‌ಫ್ಲೈ ವೀಡ್ ಹುಟ್ಟಿ ಬೆಳೆದದ್ದೇ ಈ ಹವೆಯಲ್ಲಿ. ಬಟರ್‌ಫ್ಲೈ ವೀಡ್‌ನ ತಾಯಿಬೇರು ಆಳಕ್ಕೆ ಇಳಿಯುತ್ತದೆ. ವಸಂತದಲ್ಲಿ ತಡವಾಗಿ ಚಿಗುರುತ್ತದೆ, ಸತ್ತಿದೆ ಅಂತ ಅಗೆದು ಹಾಕಬೇಡಿ. ಮೊನಾರ್ಕ್ ಚಿಟ್ಟೆಯ ಹುಳು ಅದರ ಮತ್ತು ಅದರ ಕುಲದ ಗಿಡಗಳ ಎಲೆ ತಿಂದೇ ಬೆಳೆಯುವುದು.

ಪಿಯೋನಿ ನನಗೆ ಎಲ್ಲಕ್ಕಿಂತ ಇಷ್ಟ. ಅದಕ್ಕೆ ಚಳಿಯೇ ಬೇಕು, ಬೆಂಗಳೂರಿನಲ್ಲಿ ನೆಟ್ಟರೆ ಹೂ ಬಿಡಲ್ಲ. ಗೆಡ್ಡೆಯ ಕಣ್ಣುಗಳ ಮೇಲೆ 5 ಸೆಂಟಿಮೀಟರ್‌ಗಿಂತ ಜಾಸ್ತಿ ಮಣ್ಣು ಹಾಕಬಾರದು. ಆಳ ಹೆಚ್ಚಾದರೆ ಬರೀ ಎಲೆ.

ಹಿಮ ಬಿದ್ದರೆ ಹೆದರಬೇಕಿಲ್ಲ, ಅದು ಬೇರಿಗೆ ಕಂಬಳಿ. ತೊಂದರೆ ಮಾರ್ಚ್‌ನಲ್ಲಿ. ಮಣ್ಣು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತಾ ಹೊಸ ಗಿಡವನ್ನು ಬೇರುಸಮೇತ ಮೇಲೆತ್ತುತ್ತದೆ. ಅದಕ್ಕೇ ನವೆಂಬರ್ ಹೊತ್ತಿಗೆ ಮಣ್ಣು ಗಟ್ಟಿಯಾದ ಮೇಲೆ ಒಣ ಎಲೆ ಹೊದಿಸಬೇಕು. ನೀರು ನಿಲ್ಲುವ ಜಾಗವನ್ನಂತೂ ಬಿಟ್ಟೇಬಿಡಿ.

ಮಲ್ಲಿಗೆ ಬಿಡಿ ಅಂತ ಹೇಳುತ್ತಿಲ್ಲ. ಅದು ಕುಂಡದಲ್ಲಿ ಕಿಟಕಿ ಪಕ್ಕ ಇರಲಿ. ಅಂಗಳದ ಮಣ್ಣಿಗೆ ಮಾತ್ರ ಇಲ್ಲಿನ ಗಿಡ ಹಾಕಿ. ಊರಲ್ಲಿ ಪಕ್ಕದ ಮನೆಯಲ್ಲಿ ದಾಸವಾಳದ ಕಡ್ಡಿ ಕೇಳುತ್ತೇವಲ್ವಾ? ಇಲ್ಲೂ ಹಾಗೇ ಕೇಳಬಹುದು. ಆಗಸ್ಟ್ ಕೊನೆಯಲ್ಲಿ ಡೇಲಿಲಿಯ ಬುಡ ಒಡೆದು ಹಂಚುವವರು ಬೀದಿಗೊಬ್ಬರಾದರೂ ಸಿಗುತ್ತಾರೆ.